ಇನ್ನಂಜೆಯ ತಾರಾನಾಥನ ಮಾತು

ಇನ್ನಂಜೆಯ ತಾರಾನಾಥ ಕಾಪು ಪೇಟೆಯಲ್ಲಿ ದರ್ಜಿ, ನಮ್ಮೂರ ನಾಟಕದಲ್ಲಿ ಕ್ರೂರ ಧಣಿ. ಹದಿನೆಂಟು ವರ್ಷ ಜನ ಮುಗಿಬಿದ್ದು ನೋಡಿದ ಆ ನಾಟಕಕ್ಕೆ ಬರೆದಿಟ್ಟ ಸಂಭಾಷಣೆಯೇ ಇರಲಿಲ್ಲ. ಅವನು ತಾಳಮದ್ದಳೆಯಲ್ಲಿ ಭಾಗವತರ ಪದಕ್ಕೆ ಅಲ್ಲಲ್ಲೇ ಮಾತು ಕಟ್ಟಿ ಅರ್ಥ ಹೇಳಿ ಪಳಗಿದವನು. ಕತೆ ಗೊತ್ತಿದ್ದರೆ ಸಾಕು, ಮಾತು ಆ ಹೊತ್ತಿಗೆ ಹುಟ್ಟುತ್ತಿತ್ತು.

ಕಳೆದ ವರ್ಷ, ೧೯೮೬ರಲ್ಲಿ, ಬೆಂಗಳೂರಿನಿಂದ ನಿರ್ದೇಶಕನೊಬ್ಬ ಬಂದ. ಈಗಿನ ಮಕ್ಕಳಿಗಾಗಿ ಆ ನಾಟಕವನ್ನು ಟಿವಿ ಧಾರಾವಾಹಿ ಮಾಡುತ್ತೇನೆ, ಧಣಿ ನೀವೇ ಎಂದ. ತಾರಾನಾಥ ಹಿಗ್ಗಿಹೋಗಿ, ಅವನ ಒಂದು ನಾಟಕವನ್ನೂ ಬಿಡದೆ ನೋಡಿದ ನನ್ನ ಹತ್ತಿರ ಹೇಳಿದ:

"ಇನ್ನು ನನ್ನನ್ನು ನೋಡಲಿಕ್ಕೆ ನೀನು ಚಾಪೆ ಹಿಡಿದುಕೊಂಡು ಬರುವುದು ಬೇಡ ಮಾರಾಯ!"

ಚಿತ್ರೀಕರಣ ನೋಡಲಿಕ್ಕೆ ನಾನೂ ಹೋಗಿದ್ದೆ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸಿದರು. ಇವನು ಪ್ರತಿ ಸಲವೂ ಬೇರೆ ಮಾತು ಆಡಿದ.

"ಆಗ ಹೇಳಿದ್ದನ್ನೇ ಹೇಳ್ರೀ!" ಎಂದು ನಿರ್ದೇಶಕ ಕಿರುಚಿದ.

"ಆಗಿನ ಸಿಟ್ಟು ಆಗಲೇ ಮುಗಿಯಿತಲ್ಲ ಸ್ವಾಮಿ? ಈಗಿನದ್ದು ಬೇರೆ ಉಂಟು."

ಮರುದಿನವೇ ಅವನನ್ನು ಕೈಬಿಟ್ಟರು. ಅವನ ಮಾತಿದ್ದ ಟೇಪನ್ನು ಮಾತ್ರ ಬಿಡಲಿಲ್ಲ. ಅದನ್ನು ಬರೆದಿಳಿಸಿ ಬೇರೊಬ್ಬ ನಟನಿಂದ ಬಾಯಿಪಾಠ ಮಾಡಿಸಿದರು.

ಈ ಮಳೆಗಾಲದಲ್ಲಿ ತಾರಾನಾಥ ಎದೆನೋವಿನಿಂದ ತೀರಿಕೊಂಡ. ಧಾರಾವಾಹಿ ಮೊನ್ನೆ ಶುರುವಾಯಿತು. ಅವನ ಹೆಂಡತಿ ಕುಶಲಾ ನಮ್ಮ ಮನೆಗೆ ಬಂದು ನೋಡಿದಳು. ಟಿವಿಯ ಧಣಿ ಬಾಯಿ ತೆರೆದದ್ದೇ ತಡ, "ಇದು ಇವರ ಮಾತಲ್ವಾ ಅಣ್ಣ?" ಎಂದಳು. ಒಂದೊಂದು ಮಾತೂ ಅವನದೇ. ಕೊನೆಯಲ್ಲಿ ಹೆಸರುಗಳು ಬಂದವು. ಸಂಭಾಷಣೆ ಬರೆದವನು ನಿರ್ದೇಶಕನಂತೆ. ತಾರಾನಾಥನ ಹೆಸರು ಎಲ್ಲಿಯೂ ಇಲ್ಲ.

"ಎಂತ ಅಣ್ಣ, ಇವರದ್ದು ಬರಲೇ ಇಲ್ಲ?"

ಹಳೆಯ ನಾಟಕಕ್ಕೆ ಮರುಜೀವ ಕೊಟ್ಟಿದ್ದೇವೆ ಎಂದು ಧಾರಾವಾಹಿಯವರು ಪತ್ರಿಕೆಯಲ್ಲಿ ಹೇಳಿಕೊಂಡಿದ್ದಾರೆ. ನಾನು ಕುಶಲಾಳಿಗೆ "ಕದ್ದರು" ಎಂದೇ ಹೇಳಿದೆ.