ಗಾಳಿಯಕ್ಕನ ಸಹಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಾಳಿಯಕ್ಕ ಅಂತಲೇ ಕರೆಯುತ್ತಿದ್ದರು. ಮೊಬೈಲ್ ಟವರಿನ ಬುಡದಲ್ಲಿ ನಿಲ್ಲಿಸುವ ಕಬ್ಬಿಣದ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತಿದ್ದವು. ಒಳಗಿನ ಯಂತ್ರ ಕಾಯದ ಹಾಗೆ ಒಂದೊಂದಕ್ಕೂ ಆರು ಫ್ಯಾನು. ಫ್ಯಾನು ತಿರುಗಿದ ಮಾತ್ರಕ್ಕೆ ಗಾಳಿ ಬರುತ್ತದೆ ಅಂತೇನಿಲ್ಲ. ಹಿಂದಿನ ಜಾಲರಿಗೆ ಏನಾದರೂ ಅಡ್ಡ ಸಿಕ್ಕಿದರೆ ರೆಕ್ಕೆ ಸುಮ್ಮನೆ ಸುತ್ತುತ್ತಿರುತ್ತದೆ. ಹತ್ತೊಂಬತ್ತು ವರ್ಷದಿಂದ ಅವಳು ಪ್ರತಿ ಫ್ಯಾನಿಗೂ ಅಂಗೈ ಒಡ್ಡಿ, ಗಾಳಿ ನೋಡಿ, ಚೀಟಿಗೆ ಸಹಿ ಹಾಕುತ್ತಿದ್ದಳು.

ಕಳೆದ ವರ್ಷ ಬೆರಳು ಜೋಮು ಹಿಡಿಯತೊಡಗಿತು. ಮೊದಮೊದಲು ಕೊಡವಿದರೆ ಬಿಡುತ್ತಿತ್ತು. ಆಮೇಲೆ ಬಿಡಲೇ ಇಲ್ಲ. ಒಂದು ಸಂಜೆ ಕಾದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ಬೊಬ್ಬೆ ಎದ್ದದ್ದನ್ನು ಮೊದಲು ಕಂಡವನು ಗಂಡ. ಡಾಕ್ಟರಿಗೆ ತೋರಿಸೋಣ ಅಂದ. ನಾಳೆ, ನಾಡಿದ್ದು ಅಂತ ದಿನ ತಳ್ಳಿದಳು. ಕೈ ಹೋಯಿತು ಅಂತ ಗೊತ್ತಾದರೆ ಕೆಲಸವೂ ಹೋದಂತೆಯೇ. ಕೈ ಒಡ್ಡಿದ ಹಾಗೆ ಮಾಡಿ, ಫ್ಯಾನಿನ ಸದ್ದನ್ನೇ ನಂಬಿ ಸಹಿ ಹಾಕತೊಡಗಿದಳು.

ಒಂದು ಪೆಟ್ಟಿಗೆ ಒಳಗೆಲ್ಲ ಸುಟ್ಟು ವಾಪಸು ಬಂತು. ಜಾಲರಿಗೆ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಚೀಟಿಯಲ್ಲಿ ಗಾಳಿಯಕ್ಕನ ಸಹಿ ಇರುವುದರಿಂದ ಹಾಳೆ ಆಮೇಲೆ ಸೇರಿದ್ದೇ ಇರಬೇಕು ಅಂತ ಮ್ಯಾನೇಜರು ಪ್ಯಾಕಿಂಗಿನ ಮುದುಕನನ್ನು ಎಲ್ಲರೆದುರು ಬೈದರು. ಮುದುಕ ತಲೆ ತಗ್ಗಿಸಿ ನಿಂತಿದ್ದ.

ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ಎದ್ದು ಇಂಜಿನಿಯರಮ್ಮನ ಕೋಣೆಗೆ ಹೋದಳು.

"ಅವರದೇನೂ ತಪ್ಪಿಲ್ಲ ಮೇಡಂ. ನನ್ನ ಕೈಗೆ ಗಾಳಿ ಗೊತ್ತಾಗಲ್ಲ. ವರ್ಷ ಆಯ್ತು."

ಇಂಜಿನಿಯರಮ್ಮ ಬೈಯಲಿಲ್ಲ. ಮೇಜಿನ ಮೇಲೆ ಫ್ಯಾನೊಂದರ ಎದುರು ಕೂರಿಸಿದ್ದ, ಗಾಳಿ ಅಳೆಯಲೆಂದು ತಾನೇ ಮಾಡುತ್ತಿದ್ದ ಉಗುರಿನಷ್ಟು ಪುಟ್ಟ ಬೋರ್ಡೊಂದನ್ನು ತೋರಿಸಿದಳು. ಅದು ತನ್ನಷ್ಟಕ್ಕೆ ಕೊಂಚ ಬಿಸಿಯಾಗಿರುತ್ತದಂತೆ; ಗಾಳಿ ತಾಗಿದರೆ ತಣ್ಣಗಾಗುತ್ತದೆ, ಆಗದಿದ್ದರೆ ಗಾಳಿ ಇಲ್ಲ ಅಂತ ಲೆಕ್ಕ. ಆದರೆ ತಿಂಗಳಿಂದ ಅದು ತೋರಿಸುವ ಅಂಕಿ ಒಂದೇ ಕಡೆ ನಿಲ್ಲುತ್ತಿಲ್ಲ ಅಂತ ಅವಳೂ ಸೋತಿದ್ದಳು.

ಗಾಳಿಯಕ್ಕ ಬಗ್ಗಿ ನೋಡಿದಳು. "ಫ್ಯಾನಿನ ನಡುಮಧ್ಯೆ ಇಟ್ಟಿದ್ದೀರಲ್ಲ, ಅಲ್ಲಿ ಗಾಳಿನೇ ಇರಲ್ಲ. ಅಂಚಿಗೆ ತನ್ನಿ."

ಅಂಚಿಗೆ ತಂದರು. ಅಂಕಿ ನಿಂತಿತು. ಜಾಲರಿಗೆ ಕಾಗದ ಮುಚ್ಚಿದರು; ಫ್ಯಾನು ತಿರುಗುತ್ತಲೇ ಇತ್ತು, ಆದರೂ ಬೋರ್ಡಿನ ಕೆಂಪು ದೀಪ ಹತ್ತಿತು.

ಸಂಜೆ ಮುದುಕನ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವನು ಹಗ್ಗ ಬಿಗಿಯುತ್ತಲೇ, "ಮೊದಲೇ ಹೇಳಿದ್ರೆ ಒಂದು ಬೈಗುಳ ಉಳೀತಿತ್ತಲ್ಲಮ್ಮ," ಅಂದ. ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟ.

ಕೆಲಸ ಹೋಗಲಿಲ್ಲ. ಮ್ಯಾನೇಜರು ಎಚ್ಚರಿಕೆಯ ಪತ್ರ ಕೊಟ್ಟು, ಹೊಸ ಬೋರ್ಡಿನ ದೀಪ ನೋಡುವ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಗಂಡನ ಜೊತೆ ಆಸ್ಪತ್ರೆಗೆ ಹೋದಳು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆಪರೇಷನ್ ಮಾಡಿದರೂ ಸ್ಪರ್ಶ ಪೂರ್ತಿ ಮರಳುತ್ತದೆ ಅಂತ ಹೇಳಲಾರೆ ಅಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಕೂತುಬಿಟ್ಟಳು. ಹೋಗೋಣವಾ ಅಂದ ಗಂಡ.

"ಸ್ವಲ್ಪ ಹೊತ್ತು ಕೂತಿರ್ತೀನಿ ರೀ. ಸಾಕಾಗಿದೆ."

ಅವನೂ ಪಕ್ಕದಲ್ಲಿ ಕೂತ.