ಸಾಬಮ್ಮ ಕಕ್ಷಿದಾರಳಾದ ದಿನ

ತಾರ್ನಾಕದ ಆ ಲಾ ಕಾಲೇಜಿನಲ್ಲಿ ಸಾಬಮ್ಮ ಕಸ ಹೊಡೆಯಲು ಸೇರಿ ಆರು ವರ್ಷ. ಈ ಆರು ವರ್ಷದಲ್ಲಿ ಅವಳು ಅಲ್ಲಿ ನೋಡಿದ ಜಗಳಗಳಿಗೆ ಲೆಕ್ಕವಿಲ್ಲ, ಆದರೆ ಅವುಗಳಲ್ಲಿ ಒಂದೂ ಖರೇ ಜಗಳ ಅಲ್ಲ. ಎರಡನೇ ಮಹಡಿಯಲ್ಲಿ ಕೋರ್ಟಿನ ಹಾಗೇ ಕಟ್ಟಿಸಿದ ಒಂದು ಹಾಲ್. ಕರೀ ಕೋಟು ಹಾಕಿದ ಹುಡುಗ ಹುಡುಗಿಯರು ಬರುತ್ತಾರೆ, ಎತ್ತರದ ಪೀಠದ ಮೇಲೆ ಕೂತವರಿಗೆ ಬಗ್ಗಿ ಕೈ ಮುಗಿಯುತ್ತಾರೆ, ಗಂಟಲು ಹರಿಯುವ ಹಾಗೆ ವಾದ ಮಾಡುತ್ತಾರೆ. ಕಡೆಗೆ ಗೆದ್ದವರೂ ಸೋತವರೂ ಒಂದೇ ಟೇಬಲ್ಲಿಗೆ ಹೋಗಿ ಸಮೋಸ ತಿನ್ನುತ್ತಾರೆ. ಸಾಬಮ್ಮನಿಗೆ ಇದು ತಲೆಯೊಳಗೆ ಹೊಕ್ಕ ಹುಳ. ಕಸಬರಿಗೆ ಕೈಯಲ್ಲಿರುತ್ತಿತ್ತು, ಕಿವಿ ಮಾತ್ರ ಬಾಗಿಲಿಗೆ ಅಂಟಿರುತ್ತಿತ್ತು.

ಒಮ್ಮೆ ಅಟೆಂಡರ್ ಶಾಂತಪ್ಪನನ್ನು ಹಿಡಿದು ಕೇಳಿದಳು. ಅವನೂ ಕಲಬುರಗಿ ಕಡೆಯವನೇ.

"ಯಣ್ಣಾ, ಒಳಗ ಯಾರನ್ನ ಕೊಂದಾರಂತ?"

"ಯಾರನ್ನೂ ಕೊಂದಿಲ್ಲಬೇ. ಕಾಗದದ ಮ್ಯಾಲಿನ ಕೊಲಿ ಅದು."

"ಮತ್ತ ಆ ಹುಡುಗಿ ಯಾಕ ಅಷ್ಟ ಬೆವರಾಕತ್ತಾಳ?"

"ಮಾರ್ಕ್ಸ್ ಖರೇ ಅದಾವಲ್ಲ!"

ಇನ್ನೊಂದು ಸಂಗತಿ ಅವಳಿಗೆ ಅರಗಿರಲೇ ಇಲ್ಲ. ನಿನ್ನೆ ಸತ್ತವನ ಪರವಾಗಿ ಅಳುವಂತೆ ಮಾತಾಡಿದ ಹುಡುಗಿ ಇವತ್ತು ಕೊಂದವನ ಪರ ನಿಂತು ಅಷ್ಟೇ ಜೋರು ಮಾಡುತ್ತಾಳೆ. ಹಿಂಗ್ಯಾಕ ಅಂದರೆ, ಯಾವ ಕಡೆ ಅನ್ನುವುದನ್ನು ಚೀಟಿ ಎತ್ತಿ ಗೊತ್ತು ಮಾಡುತ್ತಾರಂತೆ. "ಚೀಟಿ ಎತ್ತಿ ನ್ಯಾಯ ಮಾಡೂದು ಇಲ್ಲೇ ಕಂಡೆ ನೋಡಪ" ಅಂದು ಸಾಬಮ್ಮ ಬಕೆಟ್ಟು ಎತ್ತಿಕೊಂಡು ಹೋಗಿದ್ದಳು.

ಅವಳ ಸ್ವಂತ ಬದುಕಿನಲ್ಲಿ ಚೀಟಿ ಎತ್ತುವ ಬಾಬತ್ತೇ ಇರಲಿಲ್ಲ. ಗುರುಮಠಕಲ್ ಹತ್ತಿರದ ಹಳ್ಳಿ. ಮದುವೆಯಾಗಿ ಮೂರು ತಿಂಗಳಿಗೆ ಗಂಡ ಮಲ್ಲುವಿನ ಜೊತೆ ಬಸ್ಸು ಹತ್ತಿ ಗಡಿಯಾಚೆಯ ಈ ಊರಿಗೆ ಬಂದು, ಕಾಲೇಜಿನ ಹಿಂದಿನ ಗಲ್ಲಿಯ ಐದಂತಸ್ತಿನ ಅಪಾರ್ಟ್‌ಮೆಂಟಿಗೆ ಬುನಾದಿಯಿಂದ ಹಿಡಿದು ತಲೆಯ ಮೇಲೆ ಸಿಮೆಂಟು ಹೊತ್ತಳು. ಕಟ್ಟಡ ಮುಗಿದಾಗ ಬಿಲ್ಡರು ಮಲ್ಲುವನ್ನು ಅಲ್ಲೇ ವಾಚ್‌ಮನ್ ಮಾಡಿ, ನೀರಿನ ಸಂಪಿನ ಪಕ್ಕ ಒಂದು ಖೋಲಿ ಕೊಟ್ಟ. ಹತ್ತೊಂಬತ್ತು ವರ್ಷ ಅದೇ ಮನೆ. ಎರಡು ವರ್ಷದ ಹಿಂದೆ ಮಲ್ಲು ತೀರಿಕೊಂಡ. ಯಾರೂ ಅವಳಿಗೆ ಕೆಲಸ ಕೊಡಲಿಲ್ಲ, ಯಾರೂ ಬಿಡಿಸಲೂ ಇಲ್ಲ. ಮಣ್ಣು ಮಾಡಿ ಬಂದ ಮರುದಿನ ಬೆಳಗ್ಗೆ ಮೋಟರಿನ ಗುಂಡಿ ಒತ್ತಿದವಳು ಅವಳೇ, ಗೇಟು ತೆಗೆದವಳೂ ಅವಳೇ. ಬೆಳಗ್ಗೆ ಮೂರು ತಾಸು ಕಾಲೇಜಿನ ಕಸ, ಉಳಿದ ಹೊತ್ತು ಆ ಗೇಟು.

ಈಗ ಅಪಾರ್ಟ್‌ಮೆಂಟಿನ ಸೆಕ್ರೆಟರಿ ನರ್ಸಿಂಗರಾವ್‌ಗೆ ಯೂನಿಫಾರ್ಮಿನ ಹುಚ್ಚು ಹಿಡಿದಿತ್ತು. ಸೆಕ್ಯೂರಿಟಿ ಏಜೆನ್ಸಿಯವರನ್ನು ಕರೆಸುತ್ತಾರಂತೆ, ಅವರ ಗಾರ್ಡಿಗೆ ಅದೇ ಖೋಲಿ ಕೊಡುತ್ತಾರಂತೆ ಅಂತ ಮಾತು ಹಬ್ಬಿತ್ತು. ಹಿಂದಿನ ಶುಕ್ರವಾರ ನರ್ಸಿಂಗರಾವ್ ಒಂದು ಇಂಗ್ಲಿಷ್ ಕಾಗದ ತಂದು, "ಏನಿಲ್ಲಮ್ಮಾ, ನಿನ್ನ ಡೀಟೇಲ್ಸು. ಇಲ್ಲಿ ಸೈನ್ ಹಾಕು" ಅಂದಿದ್ದ. ಸಾಬಮ್ಮನಿಗೆ ಬರುವ ಅಕ್ಷರ ಮೂರೇ, ಅವಳ ಹೆಸರಿನವು. ಮೂರನ್ನೂ ಬರೆದುಕೊಟ್ಟಳು. ಅವನು ಒಂದು ಜೆರಾಕ್ಸ್ ಕೊಟ್ಟ. ಅದು ಅಂದಿನಿಂದ ಅವಳ ಸೊಂಟದ ಸಂಚಿಯಲ್ಲಿತ್ತು. ಯಾರಿಗೆ ತೋರಿಸಬೇಕು? ತೋರಿಸಿದರೆ ಏನು ಹೊರಬಿದ್ದೀತೋ ಅನ್ನುವ ಭಯ ಬೇರೆ.

ಅಷ್ಟರಲ್ಲಿ ಕಾಲೇಜಿನಲ್ಲಿ ದೊಡ್ಡ ಸ್ಪರ್ಧೆ ಬಂತು. ಮೇಲಿನ ಹಾಲ್‌ನಲ್ಲಿ ವಾದ, ಕೆಳಗಿನ ಕೋಣೆಯಲ್ಲಿ ಇನ್ನೊಂದು ಹೊಸ ಆಟ. ವಕೀಲನ ಬಳಿ ಕಕ್ಷಿದಾರ ಬಂದಾಗ ಅವನಿಂದ ಸಂಗತಿ ಹೇಗೆ ಹೊರಡಿಸಬೇಕು ಅನ್ನುವ ಪರೀಕ್ಷೆ. ಕಕ್ಷಿದಾರಳ ವೇಷ ಹಾಕಬೇಕಿದ್ದ ನಾಟಕದ ಹೆಣ್ಣುಮಗಳು ಜ್ವರ ಅಂತ ಬರಲಿಲ್ಲ. ಸ್ಪರ್ಧೆ ನಡೆಸುತ್ತಿದ್ದ, ಕನ್ನಡ ಬಲ್ಲ ಸ್ನೇಹಲತಾ ಮೇಡಂ ತಲೆ ಮೇಲೆ ಕೈ ಹೊತ್ತು ಹೊರಗೆ ಬಂದರೆ ಎದುರಿಗೆ ಸಾಬಮ್ಮ.

"ಸಾಬಮ್ಮಾ, ಒಂದು ಸುಳ್ಳು ಕಥಿ ನೆನಪಿಟ್ಟು ಹೇಳತೀಯೇನ?"

"ಸುಳ್ಳ್ಯಾಕ್ರಿ ಅಮ್ಮಾ? ಅದೂ ಕೋರ್ಟ್ ಕಾಲೇಜಿನ್ಯಾಗ?"

ಮೇಡಂ ನಗುತ್ತ ಎರಡು ಸಲ ಕಥೆ ಹೇಳಿದರು. ನೀನು ರೇಣುಕಾ. ಕೂಕಟ್‌ಪಲ್ಲಿಯ ದೊಡ್ಡ ಫ್ಲಾಟಿನಲ್ಲಿ ಮನೆಗೆಲಸ. ಕೆಲಸದವರು ಲಿಫ್ಟ್ ಹತ್ತಬಾರದು ಅಂದರು, ಎಂಟನೇ ಮಹಡಿ ಹತ್ತುವಾಗ ಬಿದ್ದು ಕೈ ಮುರೀತು, ಕೆಲಸದಿಂದ ಬಿಡಿಸಿದರು. "ಇಷ್ಟು ನೀನಾಗೇ ಹೇಳು. ಆದರೆ ಒಂದು ಸಂಗತಿ ಹೊಟ್ಟ್ಯಾಗ ಇಟ್ಕೋ. ಅವರು ತಂದ ಕಾಗದಕ್ಕ ನೀ ಓದದೇ ಸೈನ್ ಮಾಡೀದಿ. ಅದನ್ನ ಕೇಳಿದರ ಮಾತ್ರ ಹೇಳಬೇಕು. ಎಲ್ಲಾ ಟೀಮಿಗೂ ಒಂದೇ ಕಥಿ, ಒಂದು ಮಾತೂ ಹೆಚ್ಚುಕಡಿಮಿ ಆಗಬಾರದು."

ಸಾಬಮ್ಮ ಹೂಂ ಅಂದಳು. ಅನ್ನುವಾಗ ಕೈ ತಾನೇ ಸೊಂಟದ ಸಂಚಿ ಮುಟ್ಟಿತು.

ಮೊದಲ ಜೋಡಿ ಬಂತು. ಕೂತವರೇ ಕಾಯ್ದೆ ಸುರುವಿದರು. ಆ ಆಕ್ಟು, ಈ ಸೆಕ್ಷನ್ನು, ನಿಮಗೆ ಹಕ್ಕಿದೆ ಆಂಟೀ. ಸಾಬಮ್ಮ ಬಾಯಿ ತೆರೆದರೆ "ವನ್ ಮಿನಿಟ್" ಅಂದು ಮತ್ತೆ ಅವರೇ ಮಾತಾಡಿದರು. ಓದಿದವರಿಗೆ ಕೇಳುವುದಕ್ಕಿಂತ ಹೇಳುವುದೇ ರುಚಿ, ಏನು ಮಾಡ್ತೀರಿ! ಗಂಟೆ ಹೊಡೆಯಿತು, ಹೊಟ್ಟೆಯಲ್ಲಿದ್ದದ್ದು ಹೊಟ್ಟೆಯಲ್ಲೇ ಉಳಿಯಿತು.

ಎರಡನೇ ಜೋಡಿ ಜಾಣರು. ಯಾವ ದಿನ, ಎಷ್ಟು ಹೊತ್ತಿಗೆ, ಎದುರಿಗೆ ಯಾರಿದ್ದರು ಅಂತ ಕೇಳಿ ಕೇಳಿ ಬರೆದುಕೊಂಡರು. ಸಾಬಮ್ಮನಿಗೆ ಒಳಗೇ ಹುಮ್ಮಸ್ಸು. ಈಗ ಕೇಳ್ತಾರ, ಈಗ ಕೇಳ್ತಾರ. ಕಾಗದದ ಹತ್ತಿರ ಬಂದರು, "ಅಪಾಯಿಂಟ್‌ಮೆಂಟ್ ಲೆಟರ್ ಕೊಟ್ಟಿದ್ದಾರಾ?" ಅಂದರು, ಇಲ್ಲ ಅಂದ ಕೂಡಲೇ ಬೇರೆ ದಾರಿ ಹಿಡಿದರು. ಕುರ್ಚಿಯ ತುದಿಗೆ ಬಂದಿದ್ದ ಸಾಬಮ್ಮ ಹಿಂದಕ್ಕೆ ಜರುಗಿ ಕೂತಳು. ಅಷ್ಟರಲ್ಲಿ ತಲೆಯೊಳಗೆ ಬೇರೆಯೇ ಒಂದು ಪ್ರಶ್ನೆ ಎದ್ದಿತ್ತು. ರೇಣುಕಾಳ ಕಾಗದದಲ್ಲಿ ಏನಿತ್ತು ಅಂತ ಮೇಡಂಗೆ ಗೊತ್ತು. ನನ್ನ ಕಾಗದದಾಗ ಏನೈತಿ? ಅದು ಯಾರಿಗೆ ಗೊತ್ತು?

ಮೂರನೇ ಜೋಡಿ ಕಾವ್ಯಾ ಮತ್ತು ಪ್ರಜ್ವಲ. ಕಾವ್ಯಾ ಬಂದವಳೇ ಫ್ಯಾನು ಜೋರು ಮಾಡಿ, ನೀರು ಮುಂದಿಟ್ಟು, ಹಿಂದಿಯಲ್ಲಿ ಮಾತು ತೆಗೆದಳು. ಎಂಟು ಮಹಡಿ ಹತ್ತಿದ ಕಥೆ ಹೇಳುತ್ತ ಸಾಬಮ್ಮ ಮೈಮರೆತು, "ಅಯ್ಯ, ಮೊಣಕಾಲ ಏನಾಗಬೇಕವ್ವ!" ಅಂದುಬಿಟ್ಟಳು.

"ಅಯ್ಯ, ನೀವು ನಮ್ಮ ಕಡ್ಯಾವರೇನ್ರಿ?" ಕಾವ್ಯಾಳ ಮುಖ ಅರಳಿತು. ಮಾತು ಕನ್ನಡಕ್ಕೆ ಹೊರಳಿತು. ಮಾರ್ಕ್ಸ್ ಹಾಕಲು ಕೂತ ಮೂವರಿಗೆ ಸ್ನೇಹಲತಾ ಮೇಡಂ ಪಿಸುಮಾತಿನಲ್ಲಿ ಅರ್ಥ ಹೇಳತೊಡಗಿದರು.

"ಅಮ್ಮಾ, ಅವರು ನಿಮ್ಮ ಕಡಿಂದ ಯಾವುದಾರ ಕಾಗದಕ್ಕ ಸೈನ್ ಮಾಡಿಸಿಕೊಂಡಾರೇನ್ರಿ?"

ಕೇಳಿದಳು! ಮೇಡಂ ಖುಷಿಯಿಂದ ಪೆನ್ನು ಎತ್ತಿದರು.

"ಮಾಡಿಸ್ಯಾರವ್ವ" ಅಂದಳು ಸಾಬಮ್ಮ. "ಹ್ವಾದ ಶುಕ್ರವಾರ. ಏನ ಬರದಾರಂತ ನನಗ ಗೊತ್ತಿಲ್ಲ. ನೀನರ ಓದಿ ಹೇಳು." ಸಂಚಿ ಬಿಚ್ಚಿ, ನಾಲ್ಕು ಮಡಿಕೆಯ ಜೆರಾಕ್ಸ್ ಟೇಬಲ್ಲಿನ ಮೇಲಿಟ್ಟಳು.

ಸ್ಪರ್ಧೆಯವರೇ ಕೊಟ್ಟ ಕಾಗದ ಅಂತ ಕಾವ್ಯಾ ತಿಳಿದಳು. ಚಲೋ ಯೋಜನೆ ಮಾಡ್ಯಾರ ಅಂದುಕೊಂಡು ಓದಿ, ಸಾವಕಾಶ ಕನ್ನಡದಲ್ಲಿ ಹೇಳಿದಳು. "ಸಾಬಮ್ಮ ಗಂಡ ಮಲ್ಲು ಎಂಬ ನಾನು, ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ. ಈ ತಿಂಗಳ ಮೂವತ್ತರೊಳಗೆ ಖೋಲಿ ಖಾಲಿ ಮಾಡುತ್ತೇನೆ. ಮುಂದೆ ಯಾವ ತಕರಾರೂ ಇಲ್ಲ." ಓದಿ ಮುಗಿಸಿದ ಮೇಲೆ ಹುಬ್ಬು ಗಂಟಾಯಿತು. "ನಿಮ್ಮ ಹೆಸರು ರೇಣುಕಾ ಅಂದ್ರಿ. ಸಾಬಮ್ಮ ಯಾರ್ರಿ?"

"ನಾನೇ" ಅಂದಳು ಸಾಬಮ್ಮ.

ಮೇಡಂ ಎದ್ದು ನಿಂತರು. ಮೂವರೂ ತಮ್ಮ ತಮ್ಮ ಹಾಳೆ ತಿರುವಿ ನೋಡಿದರು, ಅಂಥ ಕಾಗದವೇ ಅದರಲ್ಲಿಲ್ಲ. ಹೊರಗೆ ಕಾದಿದ್ದ ಜೋಡಿಗಳಿಗೆ ಸುದ್ದಿ ಹತ್ತಿತು, ಗಲಾಟೆ ಎದ್ದಿತು. ಅವರಿಗೆ ಬೇರೆ ಕಥೆ, ನಮಗೆ ಬೇರೆ ಕಥೆ, ಅವರ ಭಾಷೆಯವಳೇ ಕಕ್ಷಿದಾರಳು, ಇದೆಂಥ ನ್ಯಾಯ! ಒಬ್ಬಳ ಮನೆ ಹೋಗುತ್ತಿದೆ, ಇವರಿಗೆ ಮಾರ್ಕ್ಸಿನ ಚಿಂತೆ. ಆದರೆ ನಿಯಮ ನಿಯಮವೇ. ಕಾವ್ಯಾಳ ಸುತ್ತು ರದ್ದಾಯಿತು. ಮಧ್ಯಾಹ್ನ ಶಾಂತಪ್ಪನನ್ನೇ ಕಕ್ಷಿದಾರ ಮಾಡಿ ಎಲ್ಲರಿಗೂ ಹೊಸದಾಗಿ ನಡೆಸಿದರು. ಆ ಪುಣ್ಯಾತ್ಮನೋ, ಕೂತವನೇ ಮೊದಲನೇ ಮಾತಿಗೇ "ನಾ ಓದದೇ ಸೈನ್ ಮಾಡೀನ್ರಿ" ಅಂದುಬಿಟ್ಟ. ಎಲ್ಲರಿಗೂ ಪುಕ್ಕಟೆ ಸಿಕ್ಕಿತು. ಕಾವ್ಯಾ, ಪ್ರಜ್ವಲ ನಾಲ್ಕನೆಯವರಾದರು. ಮೊದಲ ಮೂರು ಜೋಡಿಗಳಿಗಷ್ಟೇ ಬಹುಮಾನ.

ಸಾಯಂಕಾಲ ಮೆಟ್ಟಿಲ ಮೇಲೆ ಕಾವ್ಯಾ ಮೂಗು ಕೆಂಪು ಮಾಡಿಕೊಂಡು ಕೂತಿದ್ದಳು. ಸಾಬಮ್ಮ ಹತ್ತಿರ ಹೋಗಿ ನಿಂತಳು.

"ನನ್ನಿಂದ ನಿನ್ನ ಕಪ್ ಹೋತಲ್ಲವ್ವ."

"ಹೂಂರಿ, ಹೋತು" ಅಂದಳು ಕಾವ್ಯಾ. ಪರವಾಗಿಲ್ಲ ಅನ್ನುವ ಸುಳ್ಳು ಅವಳಿಗೂ ಬೇಕಾಗಿರಲಿಲ್ಲ. ಕಣ್ಣೊರೆಸಿಕೊಂಡಳು. "ಒಂದ್ ಕೇಳಲೇನ್ರಿ? ಅಲ್ಲಿ ಕೇಳೂದ ಉಳದೋತು. ನಿಮಗ ಏನ್ ಬೇಕಾಗೈತಿ?"

ಸಾಬಮ್ಮ ತಬ್ಬಿಬ್ಬಾದಳು. ಹತ್ತೊಂಬತ್ತು ವರ್ಷದಲ್ಲಿ ಗೇಟು ತೆಗಿ ಅಂದವರಿದ್ದರು, ನೀರು ಬಿಡು ಅಂದವರಿದ್ದರು, ನಿನಗೇನು ಬೇಕು ಅಂದವರಿಲ್ಲ. ಖೋಲಿಯಾ? ಸಂಪಿನ ಮೋಟರು ಶುರುವಾದರೆ ಗೋಡೆಯೇ ನಡುಗುವ ಆ ಗವಿಯಾ?

"ನನ್ನ ಕೆಲಸ ಬೇಕವ್ವ" ಅಂದಳು. "ಖೋಲಿ ಅದರ ಬೆನ್ನಿಗೆ ಬರ್ತೈತಿ. ಮತ್ತ ನಾನಾಗೇ ಬಿಟ್ಟೀನಿ ಅಂತ ಬರದಾರಲ್ಲ, ಅದು ಸುಳ್ಳು. ಆ ಸುಳ್ಳು ಹೋಗಬೇಕು."

ಮರುದಿನ ಮೇಡಂ ಮುಂದೆ ಕೂತು ಸಾಬಮ್ಮ, ಕಾವ್ಯಾ, ಪ್ರಜ್ವಲ ಮೂವರೂ ನರ್ಸಿಂಗರಾವ್‌ಗೆ ಪತ್ರ ಬರೆದರು. ಕಾಗದವನ್ನು ಓದಿ ತಿಳಿಸದೇ ಸಹಿ ಪಡೆದಿದ್ದಾರೆ, ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಅಂತ. ಕೇಳದಿದ್ದರೆ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗೋಣ ಅಂದರು ಮೇಡಂ. "ಹುಡುಗರು ಇನ್ನೂ ವಕೀಲರಲ್ಲ ಸಾಬಮ್ಮಾ. ಜೊತಿಗೆ ಬರ್ತಾರ, ಮಾತು ನೀನೇ ಆಡಬೇಕು." ಕಾವ್ಯಾ ಒಂದೇ ಪಾಠ ಹೇಳಿಕೊಟ್ಟಳು. "ಬೈಬ್ಯಾಡ್ರಿ, ಅಳಬ್ಯಾಡ್ರಿ. ಕೇಳ್ರಿ. ಕೇಳಿ ಸುಮ್ಮಕ ನಿಂದರ್ರಿ."

ಭಾನುವಾರ ಪಾರ್ಕಿಂಗಿನಲ್ಲಿ ಅಪಾರ್ಟ್‌ಮೆಂಟಿನವರ ಮೀಟಿಂಗು. ಪ್ಲಾಸ್ಟಿಕ್ ಕುರ್ಚಿ ಹಾಕಿದವಳು ಸಾಬಮ್ಮನೇ. ಹಾಕಿ, ಕೈ ಒರೆಸಿಕೊಂಡು ಎದುರಿಗೆ ನಿಂತಳು. ಕಾವ್ಯಾ, ಪ್ರಜ್ವಲ ಕಂಬದ ಬಳಿ. ಪತ್ರ ಓದಿದ ನರ್ಸಿಂಗರಾವ್ ನಕ್ಕ.

"ನೀನೇ ಅಲ್ವಾ ಸೈನ್ ಹಾಕಿದ್ದು?"

"ಹೌದ್ರಿ ಸಾರ್, ನಾನೇ. ಅದರಾಗ ಏನ್ ಬರದೈತಿ ಅಂತ ನನಗ ಓದಿ ಹೇಳಿದ್ರೇನ್ರಿ?"

ಅವನು ಏಜೆನ್ಸಿ, ಸೇಫ್ಟಿ, ಕ್ಯಾಮೆರಾ ಅಂತ ಹತ್ತು ಮಾತಾಡಿದ. ಸಾಬಮ್ಮ ಸುಮ್ಮನೆ ನಿಂತಳು. ಅವನ ಮಾತು ತೀರಿತು. ಮತ್ತೆ ಅದನ್ನೇ ಕೇಳಿದಳು, "ಓದಿ ಹೇಳಿದ್ರೇನ್ರಿ?"

ಮೂರನೇ ಮಹಡಿಯ ಸಾವಿತ್ರಿಬಾಯಿ, ಬೀದರ್ ಕಡೆಯ ರಿಟೈರ್ಡ್ ಟೀಚರು, ಕನ್ನಡಕ ತೆಗೆದರು. "ನರ್ಸಿಂಗರಾವ್ ಗಾರು, ನಾನೂ ಕಮಿಟಿ ಮೆಂಬರ್. ಈ ಕಾಗದ ನನಗೇ ಯಾಕೆ ತೋರಿಸಲಿಲ್ಲ?" ಹಿಂದಿನಿಂದ ಇನ್ನೊಬ್ಬರು, "ನಮ್ಮ ಮನೆ ಪೈಪ್ ಒಡೆದಾಗ ವಾಲ್ವ್ ಎಲ್ಲಿದೆ ಅಂತ ಗೊತ್ತಿದ್ದದ್ದು ಇವಳೊಬ್ಬಳಿಗೇ" ಅಂದರು. ಮಾತಿಗೆ ಮಾತು ಬೆಳೆಯಿತು. ಕಡೆಗೆ ರಾತ್ರಿ ಪಾಳಿಗೆ ಏಜೆನ್ಸಿಯ ಗಾರ್ಡು ಅಂತಲೂ, ಹಗಲಿಗೆ ಸಾಬಮ್ಮನೇ, ಖೋಲಿ ಅವಳದೇ ಅಂತಲೂ ಆಯಿತು.

ನರ್ಸಿಂಗರಾವ್‌ಗೆ ಸಿಟ್ಟು ನೆತ್ತಿಗೇರಿತ್ತು. ಫೈಲಿನಿಂದ ಆ ಕಾಗದ ಕಿತ್ತು, "ಸರಿ, ಹರಿದು ಹಾಕ್ತೀನಿ, ಆಯ್ತಲ್ಲ?" ಅಂದು ಎರಡೂ ಕೈಯಲ್ಲಿ ಹಿಡಿದ.

"ಹರೀಬ್ಯಾಡ್ರಿ ಸಾರ್!" ಸಾಬಮ್ಮ ಕೈ ಅಡ್ಡ ಹಿಡಿದಳು. ಕಾವ್ಯಾ ಬೆರಗಾಗಿ ನೋಡಿದಳು, ಇದನ್ನು ಅವಳು ಹೇಳಿಕೊಟ್ಟಿರಲಿಲ್ಲ. "ಹರದ ಕಾಗದ ನಾಳೆ ನಾ ಯಾರಿಗೆ ತೋರಿಸ್ಲಿ? ಅದರ ಮ್ಯಾಲ ರದ್ದು ಅಂತ ಬರೀರಿ. ತಾರೀಖು ಹಾಕ್ರಿ. ನಿಮ್ಮ ಸೈನು, ಟೀಚರಮ್ಮನ ಸೈನು. ಆಮ್ಯಾಲ ನನಗ ಕೊಡ್ರಿ."

ಪಾರ್ಕಿಂಗಿನಲ್ಲಿ ಯಾರೋ ಪಕಪಕ ನಕ್ಕರು. ಸಾವಿತ್ರಿಬಾಯಿ ಪರ್ಸಿನಿಂದ ಪೆನ್ನು ತೆಗೆದು ನರ್ಸಿಂಗರಾವ್ ಕೈಗೆ ಕೊಟ್ಟರು. ಅವನು ಸ್ಕೂಟರಿನ ಸೀಟಿನ ಮೇಲೆ ಕಾಗದವಿಟ್ಟು ಬಗ್ಗಿ ಬರೆಯುವಾಗ, ಸಾಬಮ್ಮ ಅವನ ಹೆಗಲ ಮೇಲಿಂದ ಇಣುಕಿ, ತನಗೆ ಬಾರದ ಅಕ್ಷರಗಳು ಒಂದೊಂದೇ ಮೂಡುವುದನ್ನು ರೆಪ್ಪೆ ಬಡಿಯದೆ ನೋಡುತ್ತ ನಿಂತಳು.