ಆತುರವಿಲ್ಲದ ರಾಕೆಟ್ ಸಾಹೇಬರು

ಬಿಡದಿಯಲ್ಲಿ ಕಾರ್ಖಾನೆಗಳು ಒಂದೊಂದಾಗಿ ತಲೆಯೆತ್ತುತ್ತಿದ್ದ ಕಾಲದಲ್ಲಿ ನಾನು ಒಂದು ಲೇತ್ ವರ್ಕ್‌ಶಾಪಿನಲ್ಲಿದ್ದೆ. ನಾವು ಮಾಡುತ್ತಿದ್ದ ಸಣ್ಣ ವಾಲ್ವುಗಳು ಸರ್ಕಾರದ ರಾಕೆಟ್ಟಿಗೆ ಹೋಗುತ್ತಿದ್ದವು. ಅವನ್ನು ಪರೀಕ್ಷಿಸಲು ಬರುತ್ತಿದ್ದ ಎಂಜಿನಿಯರ್ ಮರಳವಾಡಿ ಕಡೆಯವರು. ಮೊದಮೊದಲು ಸ್ಕೂಟರಿನಲ್ಲಿ ಬಂದರು, ಆಮೇಲೆ ಜೀಪಿನಲ್ಲಿ; ಕೊನೆಗೆ ಆ ಬಾಹ್ಯಾಕಾಶ ಸಂಸ್ಥೆಗೇ ಮುಖ್ಯಸ್ಥರಾದರು. ಆದರೂ ನಮಗವರು ‘ಆತ್ರ ಯಾಕೆ ಸಾಹೇಬ್ರು’. ಕನ್ನಡಕವನ್ನು ಹಣೆಗೇರಿಸಿ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡುವರು. ಟೀ ಆರಿ ಕೆನೆಗಟ್ಟಿದರೂ “ಆತ್ರ ಯಾಕೆ?” ಎನ್ನುವರು. ಈ ರಾಕೆಟ್ ಸಾಹೇಬರಿಗಿಂತ ಎತ್ತಿನಗಾಡಿಯೇ ಬೇಗ ಹೋಗುತ್ತದೆ ಎಂದು ನಾವು ನಗುತ್ತಿದ್ದೆವು.

ಒಮ್ಮೆ ರಾಕೆಟ್ ಸಮುದ್ರಕ್ಕೆ ಬಿತ್ತು. ವಾಲ್ವೇ ಕೆಟ್ಟಿತ್ತಂತೆ ಎಂಬ ಸುದ್ದಿ ಹಬ್ಬಿ, ನಮ್ಮ ಮಾಲೀಕರು ಊಟ ನಿದ್ದೆ ಬಿಟ್ಟರು. ವಾರ ಕಳೆದ ಮೇಲೆ ಸಾಹೇಬರೇ ಬಂದರು.

“ನಿಮ್ ವಾಲ್ವು ಸರಿಯಾಗೇ ಐತೆ ಕಣಯ್ಯ. ಇನ್ನೊಂದು ಪರೀಕ್ಷೆ ಮಾಡ್ಬೇಕು ಅಂದ್ರು ನಮ್ಮೋರು. ನಾನೇ ಬ್ಯಾಡ ಅಂದ್ಬುಟ್ಟೆ. ಆತ್ರ ನಂದು.”

ಮಾಲೀಕರು “ಮೊದ್ಲು ಮುದ್ದೆ ಉಣ್ಣಿ ಸಾರ್” ಎಂದು ಕರೆದುಕೊಂಡು ಹೋದರು. ಇಬ್ಬರೂ ಉಂಡರು.

ಮುಂದಿನ ರಾಕೆಟ್ ಹಾರಿದ್ದನ್ನು ವರ್ಕ್‌ಶಾಪಿನ ಟೀವಿಯಲ್ಲಿ ನೋಡಿದೆವು. ಅಲ್ಲಿ ಉಡಾವಣಾ ಕೇಂದ್ರದಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರೆ, ಸಾಹೇಬರು ಮಾತ್ರ ಎದುರಿನ ಪರದೆಯಿಂದ ಕಣ್ಣು ಕೀಳದೆ ಕೂತೇ ಇದ್ದರು.

“ಹೋಯ್ತು ಬುಡಿ ಸಾರ್, ಇನ್ನಾದ್ರೂ ನಗಿ!” ಎಂದು ನಮ್ಮ ಮಾಲೀಕರು ಟೀವಿಗೆ ಕೂಗಿದರು. ಕೇಳಿಸಿತೇನೋ ಎಂಬಂತೆ, ಬಹಳ ಹೊತ್ತಿನ ಮೇಲೆ, ಅವರು ನಕ್ಕರು.